ಮದುವೆ ವಿಡಿಯೊ ಎಡಿಟಿಂಗ್‌ಗೆ ಯಾವ ಕಂಪ್ಯೂಟರ್, ಎಷ್ಟು ಟಿಬಿ?

ಪ್ರಶ್ನೆ: ಹಾಸನ ಜಿಲ್ಲೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಮಾಡುತ್ತೇನೆ. ಹೋದ ವರ್ಷ 4ಕೆ ಕ್ಯಾಮೆರಾ ತಗೊಂಡೆ. ಆವತ್ತಿನಿಂದ ಟೈಮ್‌ಲೈನ್ ತಡೆದು ತಡೆದು ಓಡುತ್ತದೆ, ಆಗಾಗ ಹ್ಯಾಂಗ್ ಆಗುತ್ತದೆ. ಈಗಿರುವುದು ಹಳೆಯ ಐ5, 16 ಜಿಬಿ ರ‍್ಯಾಮ್, 2 ಟಿಬಿ ಹಾರ್ಡ್ ಡಿಸ್ಕ್. ಹೊಸದು ಅಸೆಂಬಲ್ ಮಾಡಿಸೋಣ ಅಂದರೆ ಒಬ್ಬರು ಐ9 ಅನ್ನುತ್ತಾರೆ, ಇನ್ನೊಬ್ಬರು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಅನ್ನುತ್ತಾರೆ. ನಿಜವಾಗಿ ಏನು ಬೇಕು? ಹಳೆಯದನ್ನು ಮಾರಿಬಿಡಲೇ?

ಉತ್ತರ: ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಮೀಡಿಯಾ ಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ತೆರೆಯಿರಿ. ಮೂರು ವಿಷಯ ಬರೆದಿಟ್ಟುಕೊಳ್ಳಿ. ಫೈಲ್ ಎಚ್.264 ಇದೆಯೋ, ಎಚ್.265 ಇದೆಯೋ? ಇವೆರಡೂ ವಿಡಿಯೊವನ್ನು ಕುಗ್ಗಿಸಿ ಬರೆಯುವ ವಿಧಾನಗಳು. ಮೊದಲನೆಯದನ್ನು ಅದು ಎವಿಸಿ ಅಂತಲೂ ಎರಡನೆಯದನ್ನು ಎಚ್‌ಇವಿಸಿ ಅಂತಲೂ ತೋರಿಸುತ್ತದೆ. ಬಿಟ್ ಡೆಪ್ತ್, ಅಂದರೆ ಬಣ್ಣವನ್ನು ಎಷ್ಟು ಸೂಕ್ಷ್ಮವಾಗಿ ಬರೆಯುತ್ತದೆ ಅನ್ನೋದು, 8 ಇದೆಯೋ, 10 ಇದೆಯೋ? ಬಣ್ಣದ ಸಾಲಿನಲ್ಲಿ (ಕ್ರೋಮಾ ಸಬ್‌ಸ್ಯಾಂಪ್ಲಿಂಗ್) 4:2:0 ಇದೆಯೋ, ಬಣ್ಣದ ವಿವರ ಹೆಚ್ಚಿರುವ 4:2:2 ಇದೆಯೋ?

ಯಾವ ಪ್ರೊಸೆಸರ್ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಅಂಗಡಿಯವರು ಇದನ್ನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆಮೇಲೆ ಲಕ್ಷಗಟ್ಟಲೆ ಸುರಿದು ತಂದ ಮಷಿನ್‌ನಲ್ಲೂ ಧಾರೆ ಸೀನ್ ಕುಂಟುತ್ತದೆ.

ಯಾಕೆ ಕುಂಟುತ್ತದೆ ಅಂತ ನೋಡೋಣ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೀವು ಎಷ್ಟೋ ಸಲ ಶೂಟ್ ಮಾಡಿರುತ್ತೀರಿ. ಮೊದಲ ಸಾಲಿನಲ್ಲಿ ಊರಿನ ಹೆಸರು ಪೂರ್ತಿ ಬರೆಯುತ್ತಾರೆ. ಮುಂದೆ ಅದೇ ಊರಿನವರು ಬಂದರೆ ಕೆಳಗೆ ಸುಮ್ನೆ ಎರಡು ಗೀಟು ಎಳೆಯುತ್ತಾರೆ. ಜಾಗವೂ ಉಳಿಯಿತು, ಕೈಯೂ ಉಳಿಯಿತು. ಆದರೆ ಹನ್ನೆರಡನೇ ಸಾಲಿನವರು ಯಾವ ಊರಿನವರು ಅಂತ ಬೇಕಾದರೆ ಬೆರಳಿಟ್ಟುಕೊಂಡು ಮೇಲಕ್ಕೆ ಹೋಗಬೇಕು. ಎಚ್.264, ಎಚ್.265 ಫೈಲ್‌ಗಳೂ ಹೀಗೇ. ಒಂದು ಫ್ರೇಮ್ ಪೂರ್ತಿ ಇರುತ್ತದೆ. ಆಮೇಲಿನ ಹಲವು ಫ್ರೇಮ್‌ಗಳಲ್ಲಿ ಬದಲಾದದ್ದು ಮಾತ್ರ ಇರುತ್ತದೆ. ಕೂತು ನೋಡುವವರಿಗೆ ಇದರಿಂದ ತೊಂದರೆಯಿಲ್ಲ, ಸಾಲಾಗಿ ಓದಿಕೊಂಡು ಹೋದರಾಯಿತು. ಎಡಿಟ್ ಮಾಡುವಾಗ ನೀವು ಅಲ್ಲಿಂದ ಇಲ್ಲಿಗೆ ಜಿಗಿಯುತ್ತೀರಿ, ಹಿಂದಕ್ಕೆ ಓಡಿಸುತ್ತೀರಿ, ಮೂರು ಕ್ಯಾಮೆರಾ ಒಟ್ಟಿಗೆ ಇಟ್ಟು ನೋಡುತ್ತೀರಿ. ಪ್ರತಿ ಸಲವೂ ಕಂಪ್ಯೂಟರ್ ಪಟ್ಟಿಯ ಮೇಲಕ್ಕೆ ಹೋಗಿ ಊರು ಹುಡುಕಿಕೊಂಡು ಬರಬೇಕು.

ಈ ಕೆಲಸಕ್ಕೆಂದೇ, ಅಂದರೆ ಕುಗ್ಗಿಸಿದ ಫೈಲ್ ಬಿಡಿಸಿ ಫ್ರೇಮ್ ಕೊಡಲೆಂದೇ, ಚಿಪ್ ಒಳಗೆ ಬೇರೆ ಒಂದು ಪುಟ್ಟ ಭಾಗ ಇರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್, 2011ರಿಂದ ಬಂದಿದೆ. ಎನ್ವಿಡಿಯಾ, ಎಎಂಡಿ ಕಾರ್ಡ್‌ಗಳಲ್ಲೂ ಇಂಥದ್ದು ಇರುತ್ತದೆ. 8 ಬಿಟ್ 4:2:0 ಫೈಲ್ ಆದರೆ ಈ ಭಾಗ ಇರುವ ಇವತ್ತಿನ ಯಾವ ಚಿಪ್ ಆದರೂ ಸಲೀಸಾಗಿ ಬಿಡಿಸುತ್ತದೆ. ತಕರಾರು ಇರುವುದೆಲ್ಲ 10 ಬಿಟ್ 4:2:2ರಲ್ಲಿ. ಕಲರ್ ಗ್ರೇಡಿಂಗ್‌ಗೆ (ಬಣ್ಣ ತಿದ್ದಲು) ಚೆನ್ನಾಗಿರುತ್ತದೆ ಅಂತ ಈಗ ಅನೇಕರು ಅದರಲ್ಲೇ ಶೂಟ್ ಮಾಡುತ್ತಾರೆ. ಎನ್ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಯ ಕಾರ್ಡ್‌ಗಳಿಗೆ ಈ ಫೈಲ್ ಬಿಡಿಸಲು ಬರುವುದಿಲ್ಲ. ಎಷ್ಟು ದೊಡ್ಡ ಕಾರ್ಡ್ ತಂದರೂ ಬರುವುದಿಲ್ಲ. 2025ರಲ್ಲಿ ಬಂದ 50 ಸರಣಿಗೆ ಬರುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದ ಈಚಿನ ಡೆಸ್ಕ್‌ಟಾಪ್ ಚಿಪ್‌ಗಳು ಎಚ್.265ನ 10 ಬಿಟ್ 4:2:2 ಬಿಡಿಸುತ್ತವೆ. ಆದರೆ ಅದೇ 10 ಬಿಟ್ 4:2:2 ಎಚ್.264ರಲ್ಲಿದ್ದರೆ 12, 13, 14ನೇ ತಲೆಮಾರಿನವು ಕೈಚೆಲ್ಲುತ್ತವೆ. ಸೋನಿ ಕ್ಯಾಮೆರಾ ಇದ್ದವರು ಇದನ್ನು ಗಮನಿಸಿ. ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265. ಎಷ್ಟೋ ಸಲ ಕ್ಯಾಮೆರಾ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಮುಗಿಯಿತು, ಪೈಸೆ ಖರ್ಚಿಲ್ಲ.

ಇಂಟೆಲ್ ತಗೊಳ್ಳುವುದಾದರೆ ಹೆಸರಿನ ಕೊನೆಯ ಅಕ್ಷರ ನೋಡಿ. ಐ5-12400 ಬೇರೆ, ಐ5-12400ಎಫ್ ಬೇರೆ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಅಂದಮೇಲೆ ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮ್ ಆಡುವವರಿಗೆ ಅದು ಲಾಭ. ನಿಮಗೆ ಬೇಕಾದ ಭಾಗವನ್ನೇ ಕಿತ್ತು ಕಡಿಮೆಗೆ ಕೊಟ್ಟಂತೆ. ಕೊಟೇಶನ್ ಚೀಟಿಯಲ್ಲಿ ಆ ಒಂದು ಎಫ್ ಕಂಡರೆ ಅಲ್ಲೇ ನಿಲ್ಲಿಸಿ ಕೇಳಿ. ಇನ್ನೊಂದು ಮಾತು. 13, 14ನೇ ತಲೆಮಾರಿನ ಕೆಲವು ಚಿಪ್‌ಗಳಲ್ಲಿ ವೋಲ್ಟೇಜ್ ತೊಂದರೆ ಇರುವುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಪರಿಹಾರದ ಅಪ್‌ಡೇಟ್ ಕೊಟ್ಟಿತು. ಅವನ್ನು ತಗೊಂಡರೆ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಕೊಂಡೇ ಮನೆಗೆ ತನ್ನಿ.

ಹಾಗಾದರೆ ಐ9? ನನ್ನ ಪ್ರಕಾರ ಬೇಡ. ಒಳಗಿನ ಗ್ರಾಫಿಕ್ಸ್ ಇರುವ ಐ7 ಸಾಕು, ಕೈ ಬಿಗಿ ಇದ್ದರೆ ಐ5-14500 ಥರದ್ದೂ ನಡೆಯುತ್ತದೆ. ರ‍್ಯಾಮ್ 32 ಜಿಬಿ. ಒಂದೇ ಸ್ಟಿಕ್ ಬೇಡ, 16ರದ್ದು ಎರಡು ಹಾಕಿಸಿ. ಗ್ರಾಫಿಕ್ಸ್ ಕಾರ್ಡ್ ನೀವು ಬಳಸುವ ಸಾಫ್ಟ್‌ವೇರ್ ಮೇಲೆ ಹೋಗುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಗ್ರೇಡಿಂಗ್, ನಾಯ್ಸ್ ರಿಡಕ್ಷನ್ ಜಾಸ್ತಿ ಮಾಡುವವರಾದರೆ ಕಾರ್ಡ್‌ಗೆ ದುಡ್ಡು ಹಾಕಿ, ಅದರ ಮೆಮೊರಿ 8 ಜಿಬಿಗಿಂತ ಕಡಿಮೆ ಇರಬಾರದು, 12 ಇದ್ದರೆ ನಿಶ್ಚಿಂತೆ. ಪ್ರೀಮಿಯರ್‌ನಲ್ಲಿ ಕತ್ತರಿಸಿ, ಹಾಡು ಜೋಡಿಸಿ ಕೊಡುವವರಿಗೆ ಮಧ್ಯಮದ ಕಾರ್ಡೇ ಸಾಕು. ಅಸೆಂಬಲ್ ಗೊಡವೆ ಬೇಡ ಅನ್ನುವವರಿಗೆ ಎಂ4 ಚಿಪ್ಪಿನ ಮ್ಯಾಕ್ ಮಿನಿ ಕೂಡ ಒಳ್ಳೆಯ ದಾರಿ. ಅದು ಎಚ್.265ನ 4:2:2 ಫೈಲ್‌ಗಳನ್ನು ಸುಲಭವಾಗಿ ಓಡಿಸುತ್ತದೆ. ಆದರೆ ರ‍್ಯಾಮ್ ಆಮೇಲೆ ಏರಿಸುವಂತಿಲ್ಲ.

ಉಳಿದ ದುಡ್ಡು ಸ್ಟೋರೇಜ್‌ಗೆ ಹೋಗಲಿ. ಹೊಸ ಕಂಪ್ಯೂಟರ್ ತರುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಲೆಕ್ಕ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆಯುತ್ತದೆ ಅಂತಿಟ್ಟುಕೊಳ್ಳಿ. 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ರಾತ್ರಿ ಆರತಕ್ಷತೆ, ಬೆಳಿಗ್ಗೆ ಮುಹೂರ್ತ ಸೇರಿ ಎರಡು ಕ್ಯಾಮೆರಾದಲ್ಲಿ ನಾಲ್ಕು ನಾಲ್ಕು ಗಂಟೆ ಆದರೆ 360 ಜಿಬಿ. ಡ್ರೋನ್ ಸೇರಿಸಿ 400 ಅನ್ನಿ. ಒಂದು ಸೀಸನ್‌ನಲ್ಲಿ 20 ಮದುವೆ ಮಾಡಿದರೆ 8 ಟಿಬಿ. ನಿಮ್ಮ 2 ಟಿಬಿ ಡಿಸ್ಕ್ ಯಾಕೆ ಯಾವಾಗಲೂ ಕೆಂಪು ಪಟ್ಟಿ ತೋರಿಸುತ್ತದೆ ಅಂತ ಈಗ ಗೊತ್ತಾಯಿತಲ್ಲ. ಅಂದಹಾಗೆ 4 ಟಿಬಿ ಡಿಸ್ಕ್ ತಂದು ಹಾಕಿದರೆ ವಿಂಡೋಸ್ 3.63 ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಇನ್ನೂ ಒಂದು ಸಂಗತಿ ಈ ಲೆಕ್ಕದಲ್ಲೇ ಇದೆ. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ ಬೇಕಾಗುವುದು ಸೆಕೆಂಡಿಗೆ 40 ಎಂಬಿಗಿಂತ ಕಡಿಮೆ. ಸಾಮಾನ್ಯ ಹಾರ್ಡ್ ಡಿಸ್ಕ್ 150 ಎಂಬಿ ಕೊಡುತ್ತದೆ. ಮತ್ತೆ ಯಾಕೆ ತಡೆಯುತ್ತದೆ? ಹಾರ್ಡ್ ಡಿಸ್ಕ್‌ನಲ್ಲಿ ಓದುವ ಸೂಜಿಗಳೆಲ್ಲ ಒಂದೇ ಗುಂಪಾಗಿ ಚಲಿಸುತ್ತವೆ. ಮೂರು ಕಡೆಯಿಂದ ಓದಬೇಕಾದರೆ ಆ ಗುಂಪು ಮೂರು ಕಡೆಗೂ ಓಡಾಡಬೇಕು. ಒಂದೊಂದು ಓಡಾಟಕ್ಕೂ 10 ಮಿಲಿಸೆಕೆಂಡ್‌ನಷ್ಟು ಹೋಗುತ್ತದೆ. ಅದರ ಮೇಲೆ ವಿಂಡೋಸ್, ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು), ಎಕ್ಸ್‌ಪೋರ್ಟ್ ಎಲ್ಲ ಅದೇ ಡಿಸ್ಕ್‌ನಲ್ಲಿದ್ದರೆ ಕೇಳಬೇಡಿ. ನಿಮ್ಮಲ್ಲಿ ಯಾವುದು ತೊಂದರೆ ಅಂತ ತಿಳಿಯಲು ಟೈಮ್‌ಲೈನ್ ಓಡಿಸುತ್ತಾ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ 100 ಮುಟ್ಟಿದ್ದರೆ ಸ್ಟೋರೇಜ್ ತೊಂದರೆ. ಡಿಸ್ಕ್ ಸುಮ್ನಿದ್ದು ಸಿಪಿಯು 100 ಇದ್ದರೆ ಮೇಲೆ ಹೇಳಿದ ಗೀಟಿನ ಲೆಕ್ಕ.

ಹಾಗಾಗಿ ನಾನು ಹೇಳುವ ಜೋಡಣೆ ಹೀಗೆ. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ 500 ಜಿಬಿ ಅಥವಾ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಉಳಿಸುವ ವೇಗದ ಡ್ರೈವ್. ಈಗ ಎಡಿಟ್ ಆಗುತ್ತಿರುವ ಮದುವೆಗಳಿಗೆ ಇನ್ನೊಂದು ಎನ್‌ವಿಎಂಇ, 2 ಟಿಬಿ. ಮುಗಿದ ಕೆಲಸಕ್ಕೆ 8 ಟಿಬಿಯ ಹಾರ್ಡ್ ಡಿಸ್ಕ್, ಎರಡು. ಎನ್‌ವಿಎಂಇಯಲ್ಲಿ ಜೆನ್ 3, ಜೆನ್ 4 ಅನ್ನೋ ವೇಗದ ತಲೆಮಾರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡಿಗೆ 40 ಎಂಬಿ ಬೇಕಾದವರಿಗೆ 3500 ಆದರೇನು, 7000 ಆದರೇನು! ತೀರಾ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿ ಮಾತ್ರ ಬೇಡ. ಮೊದಲು ಜೋರಾಗಿ ಬರೆಯುತ್ತದೆ, ಒಳಗಿನ ಕ್ಯಾಶ್ ತುಂಬಿದ ಮೇಲೆ ಎತ್ತಿನ ಗಾಡಿ.

ಹಾರ್ಡ್ ಡಿಸ್ಕ್ ತಗೊಳ್ಳುವಾಗ ಸಿಎಂಆರ್ ಬೇಕು ಅಂತ ಕೇಳಿ. ಅದರಲ್ಲಿ ಡೇಟಾದ ಸಾಲುಗಳು ಪಕ್ಕ ಪಕ್ಕ ಇರುತ್ತವೆ. ಎಸ್‌ಎಂಆರ್ ಅನ್ನೋ ಇನ್ನೊಂದು ಬಗೆಯಲ್ಲಿ ಸಾಲುಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿರುತ್ತಾರೆ. ಒಂದು ಹೆಂಚು ಬದಲಾಯಿಸಬೇಕಾದರೆ ಅದರ ಮೇಲೆ ಕೂತವನ್ನೂ ಎತ್ತಬೇಕಲ್ಲ, ಹಾಗೆ. ಒಮ್ಮೆ ತುಂಬಿಸಿ ಎತ್ತಿಡಲು ಪರವಾಗಿಲ್ಲ. ಅಳಿಸಿ ಬರೆದು ಮಾಡುತ್ತಿದ್ದರೆ ನಿಧಾನವಾಗುತ್ತದೆ.

ಎರಡು ಹಾರ್ಡ್ ಡಿಸ್ಕ್ ಯಾಕೆ ಅಂದೆ ಅನ್ನೋದಕ್ಕೆ ನನ್ನದೇ ಕಥೆ ಇದೆ. ಶುರುವಿನ ದಿನಗಳಲ್ಲಿ ನಾನೂ ಬ್ಯಾಕಪ್ ಮಾಡುತ್ತಿದ್ದೆ. ಡಿ ಡ್ರೈವ್‌ನಲ್ಲಿ ಕೆಲಸ, ಇ ಡ್ರೈವ್‌ನಲ್ಲಿ ಕಾಪಿ. ಬಹಳ ಶಿಸ್ತು. ಒಂದು ಸಂಜೆ ಕ್ಯಾಬಿನೆಟ್ ಒಳಗಿಂದ ಟಿಕ್, ಟಿಕ್ ಅಂತ ಸದ್ದು ಬಂತು, ಹಲ್ಲಿ ಲೊಚಗುಟ್ಟಿದ ಹಾಗೆ. ರೀಸ್ಟಾರ್ಟ್ ಮಾಡಿದರೆ ಡಿ ಇಲ್ಲ. ಇ ಕೂಡ ಇಲ್ಲ. ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ, ಮನೆಯೊಳಗೆ ಗೋಡೆ ಕಟ್ಟಿ ಎರಡು ಮನೆ ಅಂದುಕೊಂಡಂತೆ. ಕಾರ್ಡ್‌ಗಳನ್ನು ಆಗಲೇ ಫಾರ್ಮ್ಯಾಟ್ ಮಾಡಿ ಮುಂದಿನ ಮದುವೆಗೆ ಬಳಸಿಯಾಗಿತ್ತು. ರಿಕವರಿಯವರು ದುಡ್ಡು ತಗೊಂಡು ಅರ್ಧಂಬರ್ಧ ಕೊಟ್ಟರು, ಧಾರೆ ಸಿಗಲಿಲ್ಲ. ಹುಡುಗಿಯ ತಂದೆ ಬೈಯಲಿಲ್ಲ, ಸುಮ್ಮನೆ ಕೂತಿದ್ದರು. ಬೈದಿದ್ದರೇ ವಾಸಿಯಿತ್ತು.

ಹಾಗಾಗಿ ಎರಡನೇ 8 ಟಿಬಿ ಡಿಸ್ಕ್ ಕ್ಯಾಬಿನೆಟ್ ಒಳಗೆ ಬೇಡ. ಹೊರಗಿನ ಡಿಸ್ಕ್ ಆಗಿ ತಗೊಳ್ಳಿ, ಕಾಪಿ ಆದಮೇಲೆ ಕಿತ್ತು ಸ್ಟುಡಿಯೊದಲ್ಲಲ್ಲ, ಮನೆಯ ಬೀರುವಿನಲ್ಲಿಡಿ. ರೇಡ್, ಅಂದರೆ ಎರಡು ಡಿಸ್ಕ್‌ಗೂ ಒಂದೇ ಸಲ ಬರೆಯುವ ಜೋಡಣೆ, ಹಾಕಿಸಿದರೆ ಬ್ಯಾಕಪ್ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀವು ತಪ್ಪಿ ಅಳಿಸಿದ್ದನ್ನು ರೇಡ್ ಎರಡೂ ಡಿಸ್ಕ್‌ನಲ್ಲಿ ಅಚ್ಚುಕಟ್ಟಾಗಿ ಅಳಿಸುತ್ತದೆ. ವರ್ಷಗಟ್ಟಲೆ ಎತ್ತಿಡಲು ಎಸ್‌ಎಸ್‌ಡಿ ಬಳಸಬೇಡಿ. ಕರೆಂಟ್ ಇಲ್ಲದೆ ಬಹಳ ಕಾಲ ಇದ್ದರೆ ಅದರೊಳಗಿನ ಚಾರ್ಜ್ ಮೆಲ್ಲಗೆ ಸೋರುತ್ತದೆ. ಎರಡು ಕಡೆ ಕಾಪಿ ಆಗಿ, ಎರಡರಲ್ಲೂ ಒಂದೊಂದು ಕ್ಲಿಪ್ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಯುಪಿಎಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇರುವ ಮಷಿನ್‌ಗೆ 600 ವಿಎ ಸಾಲದು, 1000ಕ್ಕೆ ಕಡಿಮೆ ಬೇಡ. ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಹಾಳಾಗುವುದು ಫೈಲ್ ಒಂದೇ ಅಲ್ಲ. ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಡಬ್ಬಿ) ಕೂಡ ಹೆಸರಿಲ್ಲದ್ದು ಹಾಕಿಸಬೇಡಿ.

ಇನ್ನು ಹಳೆಯ ಐ5. ಮಾರಬೇಡಿ, ಕೈಗೆ ಬರುವ ದುಡ್ಡು ಕಡಿಮೆ. ಅದಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಮೂಲೆಯಲ್ಲಿಡಿ. ಮದುವೆ ಮುಗಿಸಿ ಬಂದ ರಾತ್ರಿ ಕಾರ್ಡ್‌ಗಳನ್ನು ಅದಕ್ಕೆ ಕಾಪಿ ಹಾಕಿ, ಪ್ರಾಕ್ಸಿ ಮಾಡಲು ಬಿಟ್ಟು ಮಲಗಿ. ಪ್ರಾಕ್ಸಿ ಅಂದರೆ ಅದೇ ಕ್ಲಿಪ್‌ಗಳ ಹಗುರ ನಕಲು. ಎಡಿಟ್ ಮಾಡುವುದು ಅದರಲ್ಲಿ, ಎಕ್ಸ್‌ಪೋರ್ಟ್ ಆಗುವುದು ಅಸಲಿಯಿಂದ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಈ ಸೌಲಭ್ಯ ಇದೆ. ಕಾರ್ಡ್ ರೀಡರನ್ನು ಹಿಂದುಗಡೆಯ ನೀಲಿ ಪೋರ್ಟ್‌ಗೆ ಚುಚ್ಚಿ. ಕಪ್ಪು ಯುಎಸ್‌ಬಿ 2ರಲ್ಲಿ 128 ಜಿಬಿ ಕಾರ್ಡ್ ಕಾಪಿಯಾಗಲು ಒಂದು ಗಂಟೆ ಹಿಡಿಯುತ್ತದೆ. ಒಂದು ಸಲ ಈ ಪ್ರಾಕ್ಸಿಯಲ್ಲೇ ಪೂರ್ತಿ ಮದುವೆ ಎಡಿಟ್ ಮಾಡಿ ನೋಡಿ. ತಡೆಯದೆ ಓಡಿದರೆ ಹೊಸ ಕಂಪ್ಯೂಟರನ್ನು ಮುಂದಿನ ಸೀಸನ್‌ಗೆ ಬಿಟ್ಟು, ಮೊದಲು ಆ ಎರಡು ಹಾರ್ಡ್ ಡಿಸ್ಕ್ ತನ್ನಿ.