ಚೆನ್ ತಾಯ್ ಚಿ ಕಾರ್ಯಾಗಾರಕ್ಕೆ ಹೋಗುವವರಿಗೆ: ನಿಲುವು, ಮಂಡಿ ಮತ್ತು ಗುರುವಿನ ಕೈ

ಸಾಂಪ್ರದಾಯಿಕ ಕುಂಗ್ ಫೂ ಕಾರ್ಯಾಗಾರ ಅಂದ ಕೂಡಲೇ ಹೆಚ್ಚಿನವರು ಕೇಳುವುದು, "ಎಷ್ಟು ವರಸೆ ಕಲಿಸ್ತಾರೆ?" ಅಂತ. ಚೀನಾದ ಸಮರಕಲೆ ತಾಯ್ ಚಿಯನ್ನು ಚೆನ್ ಶೈಲಿಯಲ್ಲಿ ಕಲಿಯಲು ಹೊರಟವರು ಈ ಲೆಕ್ಕ ಬಿಟ್ಟು ಹೋಗುವುದು ಒಳ್ಳೆಯದು. ವರಸೆಗಳ ಕ್ರಮ ವಿಡಿಯೊ ನೋಡಿದರೂ ಸಿಗುತ್ತದೆ. ಪಕ್ಕದಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು ನಿಮ್ಮ ನಿಲುವು ತಿದ್ದುವ ಗುರು ಮಾತ್ರ ಅಲ್ಲಿ ಸಿಗುವುದಿಲ್ಲ. ಕಾರ್ಯಾಗಾರಕ್ಕೆ ಹೋಗಬೇಕಾದದ್ದು ಆ ತಿದ್ದುವಿಕೆಗಾಗಿ.

ಮೊದಲು ಸ್ವಲ್ಪ ಹಿನ್ನೆಲೆ. ಚೀನಾದ ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ ಚೆನ್‌ಜಿಯಾಗೌ ಎಂಬ ಹಳ್ಳಿ ಇದೆ. 17ನೇ ಶತಮಾನದಲ್ಲಿ ಅಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧನಿಂದ ಈ ವಿದ್ಯೆ ಶುರುವಾಯಿತು ಎಂದು ಚೆನ್ ಮನೆತನ ಹೇಳುತ್ತದೆ. 19ನೇ ಶತಮಾನದಲ್ಲಿ ಹೊರಗಿನವನಾದ ಯಾಂಗ್ ಲುಚಾನ್ ಇಲ್ಲಿ ಚೆನ್ ಚಾಂಗ್‌ಶಿಂಗ್ ಬಳಿ ಕಲಿತು, ಬೀಜಿಂಗಿಗೆ ಹೋಗಿ ಹೆಸರು ಮಾಡಿದ. ಯಾಂಗ್ ಶೈಲಿ ಹುಟ್ಟಿದ್ದು ಹಾಗೆ. ಪಾರ್ಕುಗಳಲ್ಲಿ ಕಾಣುವ, 1956ರಲ್ಲಿ ಚೀನಾ ಸರ್ಕಾರ ಜನಸಾಮಾನ್ಯರಿಗಾಗಿ ರೂಪಿಸಿದ 24 ಭಂಗಿಗಳ ತಾಯ್ ಚಿ ಈ ಯಾಂಗ್ ಶೈಲಿಯನ್ನು ಆಧರಿಸಿದ್ದು. ಅದನ್ನಷ್ಟೇ ನೋಡಿದವರಿಗೆ ಚೆನ್ ಶೈಲಿ ಬೇರೆಯದೇ ವಿದ್ಯೆ ಅನಿಸಬಹುದು. ಇಲ್ಲಿ ನಿಧಾನದ ನಡುವೆ ದಿಢೀರನೆ ಹೊಡೆತ ಬರುತ್ತದೆ, ಕಾಲು ನೆಲಕ್ಕೆ ಅಪ್ಪಳಿಸುತ್ತದೆ, ಕೈ ಸುರುಳಿಯಾಗಿ ತಿರುಗುತ್ತದೆ. 2020ರಲ್ಲಿ ಯುನೆಸ್ಕೊ ತಾಯ್ ಚಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಿಲುವಿನ ವಿಚಾರ. ಇದಕ್ಕೆ ಝಾನ್ ಝುವಾಂಗ್ ಎನ್ನುತ್ತಾರೆ. ಪಾದಗಳ ನಡುವೆ ಭುಜದಷ್ಟು ಅಗಲ ಬಿಡಿ. ಮಂಡಿ ಸ್ವಲ್ಪ ಮಡಿಸಿ. ಮರ ತಬ್ಬಿಕೊಂಡವರ ಹಾಗೆ ತೋಳು ಮುಂದೆ ಇರಲಿ. ನೆತ್ತಿ ಮೇಲಕ್ಕೆ, ಬಾಲದ ಮೂಳೆ ಕೆಳಕ್ಕೆ, ಭುಜ ಸಡಿಲ, ಮೊಣಕೈ ಇಳಿದಿರಬೇಕು. ಉಸಿರು ತನ್ನಷ್ಟಕ್ಕೆ ಆಡಲಿ. ಓದಿದರೆ ಸುಲಭ ಅನಿಸುತ್ತದೆ, ಅಲ್ವಾ? ಗುರು ಬಂದು ಒಂದು ಕೈಯನ್ನು ಸೊಂಟದ ಹಿಂದೆ, ಇನ್ನೊಂದನ್ನು ಹೊಟ್ಟೆಯ ಕೆಳಗೆ ಇಟ್ಟು ನಿಮ್ಮನ್ನು ಮೆಲ್ಲಗೆ ಕೆಳಕ್ಕೆ ಕೂರಿಸುತ್ತಾರೆ. ಅಬ್ಬಬ್ಬಾ ಅಂದರೆ ಎರಡು ಬೆರಳಿನಷ್ಟು. ಅಷ್ಟಕ್ಕೇ ತೊಡೆ ಉರಿಯಲು ಶುರುವಾಗುತ್ತದೆ, ಕಾಲು ನಡುಗುತ್ತದೆ. ಸೊಂಟದಲ್ಲಿ ಸಿಕ್ಕಿಕೊಂಡಿದ್ದ ಭಾರ ಈಗ ಕಾಲಿಗೆ ಇಳಿದಿದೆ ಎಂದರ್ಥ. ಅವರು ಕೈ ತೆಗೆದ ಸ್ವಲ್ಪ ಹೊತ್ತಿಗೇ ದೇಹ ಕಳ್ಳತನದಿಂದ ಮತ್ತೆ ಮೇಲೇರುತ್ತದೆ. ಅದನ್ನು ಹಿಡಿಯುವುದೇ ಅಭ್ಯಾಸ. ನೋವು ಎಲ್ಲಿದೆ ಎಂದೂ ಗಮನಿಸಿ. ತೊಡೆಯ ಸ್ನಾಯು ಉರಿದರೆ ಸರಿ. ಮಂಡಿಯೊಳಗೆ ಚುಚ್ಚಿದರೆ ತಪ್ಪು, ತಕ್ಷಣ ಎದ್ದು ಗುರುವಿಗೆ ಹೇಳಿ.

ಮಂಡಿ ಉಳಿಸಿಕೊಳ್ಳುವ ಗುಟ್ಟು ತೊಡೆಸಂದಿನಲ್ಲಿದೆ. ಅದನ್ನು ಕ್ವಾ ಎನ್ನುತ್ತಾರೆ. ಕಾರ್ಯಾಗಾರದಲ್ಲಿ ಅತಿ ಜಾಸ್ತಿ ಕಿವಿಗೆ ಬೀಳುವ ಮಾತೇ ಇದು. ತಿರುಗುವುದು, ಕೂರುವುದು, ಭಾರ ಬದಲಿಸುವುದು ಎಲ್ಲ ಅಲ್ಲಿಂದ ಆಗಬೇಕು. ತೊಡೆಸಂದು ಬಿಗಿಯಾಗಿದ್ದರೆ ತಿರುಚುವ ಕೆಲಸವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಮುಖ್ಯವಾಗಿ ಮಡಿಸಲು ಇರುವ ಕೀಲು, ತಿರುಚಿದರೆ ತಾಳಿಕೊಳ್ಳುವುದಿಲ್ಲ. ಹಾಗಾಗಿ ಮಂಡಿ ಯಾವಾಗಲೂ ಕಾಲ್ಬೆರಳಿನ ದಿಕ್ಕನ್ನೇ ನೋಡಬೇಕು. ಹೊಸಬರು ಭಾರ ಹೊತ್ತ ಪಾದವನ್ನು ತಿರುಗಿಸಲೇಬಾರದು.

ಮುಂದಿನದು ಚಾನ್‌ಸಿ, ಅಂದರೆ ರೇಷ್ಮೆ ನೂಲು ಬಿಚ್ಚುವ ಹಾಗೆ ಕೈ ಸುತ್ತುವ ಅಭ್ಯಾಸ. ರಾಮನಗರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ: ಗೂಡಿನ ಎಳೆಯನ್ನು ಜಗ್ಗಿದರೆ ತುಂಡಾಗುತ್ತದೆ, ಒಂದೇ ಹದದಲ್ಲಿ ಎಳೆಯಬೇಕು. ಬಲಗೈ ಕೆಳಗಿಳಿದು ಹೊಟ್ಟೆಯ ಮುಂದೆ ಬರುವಾಗ ಅಂಗೈ ಮೇಲಕ್ಕೆ ತಿರುಗುತ್ತದೆ, ಭಾರ ಎಡಗಾಲಿಗೆ ಹೋಗುತ್ತದೆ. ಕೈ ಎದೆಯ ಮುಂದೆ ಏರಿ ಹೊರಗೆ ಹೋಗುವಾಗ ಅಂಗೈ ಹೊರಕ್ಕೆ, ಭಾರ ಬಲಗಾಲಿಗೆ. ಕೈಯನ್ನು ಸುಮ್ನೆ ಗುಂಡಗೆ ತಿರುಗಿಸಿದರೆ ಪ್ರಯೋಜನವಿಲ್ಲ. ಸೊಂಟ ನಿಂತರೆ ಕೈಯೂ ನಿಲ್ಲಬೇಕು. ಇದನ್ನು ಪರೀಕ್ಷಿಸಲು ಇನ್ನೊಂದು ಕೈಯನ್ನು ಸೊಂಟದ ಮೇಲೆ ಇಟ್ಟುಕೊಳ್ಳಿ.

ಲಾವೊಜಿಯಾ, ಅಂದರೆ ಚೆನ್ ಶೈಲಿಯ ಹಳೆಯ ಪದ್ಧತಿಯ ಮೊದಲ ವರಸೆಸಾಲಿನಲ್ಲಿ 70ಕ್ಕೂ ಹೆಚ್ಚು ಭಂಗಿಗಳಿವೆ. ಆರಂಭದಲ್ಲೇ ಬರುವ, ಮತ್ತೆ ಮತ್ತೆ ಮರಳುವ ಜಿಂಗಾಂಗ್ ದಾವೊದುಯ್ ಎಂಬ ಭಂಗಿ ಒಂದನ್ನು ಚೆನ್ನಾಗಿ ತಿದ್ದಿಸಿಕೊಂಡರೆ ನನ್ನ ಪ್ರಕಾರ ಕಾರ್ಯಾಗಾರದ ದುಡ್ಡು ವಸೂಲಾದ ಹಾಗೆ. ಅದರ ಕೊನೆಯಲ್ಲಿ ಬಲಮುಷ್ಟಿಯೂ ಬಲಮಂಡಿಯೂ ಒಟ್ಟಿಗೆ ಏರುತ್ತವೆ. ಆಮೇಲೆ ಮುಷ್ಟಿ ಎಡ ಅಂಗೈಗೆ, ಪಾದ ನೆಲಕ್ಕೆ ಒಟ್ಟಿಗೇ ಬೀಳುತ್ತವೆ. ಹಿಮ್ಮಡಿಯಿಂದ ಗುದ್ದಬಾರದು. ದೇಹ ಸಡಿಲವಾಗಿ ಇಡೀ ಪಾದ ತಾನಾಗಿ ಬೀಳಬೇಕು. ಸಿಮೆಂಟ್ ನೆಲವಾದರೆ ಅಥವಾ ಮಂಡಿ ನೋವಿದ್ದರೆ ಪಾದವನ್ನು ಮೆಲ್ಲಗೆ ಇಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ತುಯ್‌ಶೌ ಎಂಬ ಜೋಡಿ ಅಭ್ಯಾಸದಲ್ಲಿ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಎದುರಾಳಿಯ ಒತ್ತಡವನ್ನು ಗ್ರಹಿಸುತ್ತಾರೆ. ಹೊಸಬರು ಗೆಲ್ಲಲು ಹೊರಟರೆ ಭುಜ ಬಿಗಿಯಾಗಿ ಏನೂ ತಿಳಿಯುವುದಿಲ್ಲ. ಅನುಭವಿಗಳ ಜೊತೆ ಜೋಡಿಯಾಗಲು ಕೇಳಿ.

ತೆಳು, ಸಮತಟ್ಟು ಅಟ್ಟೆಯ ಬೂಟು ಒಯ್ಯಿರಿ. ವಂದಿಸುವಾಗ ಬಲಮುಷ್ಟಿಯ ಮೇಲೆ ಎಡ ಅಂಗೈ ಇರಲಿ. ಪಾಠದ ನಡುವೆ ಬರೆಯಬೇಡಿ. ಮುಗಿದ ಮೇಲೆ ಗುರು ಎಲ್ಲಿ ಮುಟ್ಟಿದರು, ಯಾವ ಕಡೆ ಒತ್ತಿದರು, ಆಗ ಭಾರ ಎಲ್ಲಿಗೆ ಹೋಯಿತು ಎಂದು ಬರೆದಿಡಿ. ಮನೆಗೆ ಬಂದ ಮೇಲೆ ದಿನಾ ಆ ಪುಟ ತೆರೆದು ಐದು ನಿಮಿಷ ನಿಂತು, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಾಲದ ಮೂಳೆಯನ್ನೂ ಮಂಡಿಯನ್ನೂ ಹೋಲಿಸಿ ನೋಡಿ.