ಗೇಟಿನ ಬೋರ್ಡು, ಟೈಮ್ ಆಫೀಸಿನ ಕುರ್ಚಿ

ನಾನು ಅಪ್ರೆಂಟಿಸ್ ಆಗಿ ಸೇರಿದ ಕಾರ್ಖಾನೆಯ ಗೇಟಿನಲ್ಲಿ ಒಂದು ಹಸಿರು ಬೋರ್ಡು ಇತ್ತು. ‘ಅಪಘಾತವಿಲ್ಲದ ದಿನಗಳು: 412’. ದಿನಾ ಬೆಳಿಗ್ಗೆ ಸೆಕ್ಯುರಿಟಿಯವರು ಅಂಕಿ ಬದಲಿಸುತ್ತಿದ್ದರು. ಅವತ್ತು ಮಧ್ಯಾಹ್ನ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಒಬ್ಬರ ಬೆರಳ ತುದಿ ಜಜ್ಜಿಹೋಯಿತು. ನಾಲ್ಕು ಹೊಲಿಗೆ ಬಿತ್ತು. ಮರುದಿನ ಕಂಪನಿ ಕಾರೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವರು ಟೈಮ್ ಆಫೀಸಿನ ಕುರ್ಚಿಯಲ್ಲಿ ಸಂಜೆವರೆಗೂ ಕೂತಿದ್ದರು. ಹಾಜರಾತಿ ಬಿತ್ತು. ಬೋರ್ಡಿನಲ್ಲಿ 413.

ಆ ಕುರ್ಚಿಯ ಹಿಂದೆ ಒಂದು ಲೆಕ್ಕವಿತ್ತು. 1948ರ ಕಾರ್ಖಾನೆ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ, ಗಾಯಗೊಂಡವರು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಕೆಲಸ ಮಾಡಲಾಗದಿದ್ದರೆ ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ಬಂದು ಕುರ್ಚಿಯಲ್ಲಿ ಕೂತರೆ? ರಿಜಿಸ್ಟರಿನಲ್ಲಿ ಅವರು ಕೆಲಸಕ್ಕೆ ಬಂದವರೇ, ಅಲ್ವಾ?

ಬೆರಳು ಜಜ್ಜಿದ್ದು ಹೇಗೆ ಅಂತ ಇಡೀ ಶಾಪಿಗೆ ಗೊತ್ತಿತ್ತು. ಆ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಒತ್ತುವ ಭಾರ, ಅಂದರೆ ರ್‍ಯಾಮ್ ಇಳಿಯಬೇಕು. ಕೈ ಎರಡೂ ಬಟನ್ ಮೇಲಿದ್ದರೆ ಡೈ, ಅಂದರೆ ಅಚ್ಚಿನ ಒಳಗೆ ಹೋಗುವುದಾದರೂ ಹೇಗೆ? ಆದರೆ ಒಂದು ಬಟನ್ನಿಗೆ ಯಾವಾಗಲೂ ರಟ್ಟಿನ ಚೂರು ಸಿಕ್ಕಿಸಿರುತ್ತಿತ್ತು. ಸೂಪರ್‌ವೈಸರ್ ದಿನಾ ನೋಡುತ್ತಿದ್ದರು. ಟಾರ್ಗೆಟ್ ಮುಟ್ಟುತ್ತಿತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಬೆರಳು ಜಜ್ಜಿದ ಮೇಲೆ ಬರೆದ ಕಾರಣ ಎರಡೇ ಪದ: ‘ಕಾರ್ಮಿಕನ ಅಜಾಗರೂಕತೆ’.

ಈ ಎರಡು ಪದಕ್ಕೆ ಹತ್ತಿರಹತ್ತಿರ ನೂರು ವರ್ಷದ ಇತಿಹಾಸವಿದೆ. ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್‌ರಿಚ್ 1931ರಲ್ಲಿ ಒಂದು ಪುಸ್ತಕ ಬರೆದರು. ನೂರಕ್ಕೆ 88 ಅಪಘಾತಗಳಿಗೆ ಕಾರಣ ಮನುಷ್ಯರ ತಪ್ಪು ನಡವಳಿಕೆ ಎಂದರು. ಸೇಫ್ಟಿ ತರಬೇತಿಗಳಲ್ಲಿ ಈ ಅಂಕಿ ಇವತ್ತಿಗೂ ಓಡಾಡುತ್ತದೆ. ಅವರು ನೋಡಿದ್ದು ವಿಮೆಯ ಕಡತಗಳನ್ನು, ಕಾರ್ಖಾನೆ ಮಾಲೀಕರು ಕೊಟ್ಟ ವರದಿಗಳನ್ನು. ಮಾಲೀಕರ ಕಡೆಯವರು ಬರೆದ ಕಾಗದದಲ್ಲಿ ತಪ್ಪು ಯಾರದೆಂದು ಇರುತ್ತದೆ? ಟಾರ್ಗೆಟ್ ಇಟ್ಟವರದಂತೂ ಅಲ್ಲ. ಹೈನ್‌ರಿಚ್ ಇನ್ನೊಂದು ಮಾತನ್ನೂ ಹೇಳಿದ್ದರು: ದೊಡ್ಡ ಗಾಯವಾಗುವ ಮೊದಲು ಗಾಯವೇ ಆಗದ ನೂರಾರು ಸಣ್ಣ ಘಟನೆಗಳು ನಡೆದಿರುತ್ತವೆ, ಅವನ್ನು ಗಮನಿಸಿ ಅಂತ. ಕಂಪನಿಗಳಿಗೆ ಮೊದಲನೆಯದೇ ಹೆಚ್ಚು ಇಷ್ಟವಾಯಿತು.

ಭೋಪಾಲದಲ್ಲೂ ಕೊನೆಗೆ ಬೊಟ್ಟು ತೋರಿಸಿದ್ದು ಒಬ್ಬ ಕೆಲಸಗಾರನ ಕಡೆಗೇ. 1984ರ ಡಿಸೆಂಬರ್ 2ರ ರಾತ್ರಿ ಮಿಥೈಲ್ ಐಸೊಸೈನೇಟ್ ಸೋರಿ ಸಾವಿರಾರು ಜನ ಸತ್ತರು. ಅತೃಪ್ತ ನೌಕರನೊಬ್ಬ ಬೇಕಂತಲೇ ಟ್ಯಾಂಕಿಗೆ ನೀರು ಬಿಟ್ಟ ಎಂದು ಯೂನಿಯನ್ ಕಾರ್ಬೈಡ್ ವಾದಿಸಿತು. ಅದನ್ನು ಪಕ್ಕಕ್ಕಿಟ್ಟು ಆ ರಾತ್ರಿಯ ಘಟಕವನ್ನು ನೋಡಿ. ಟ್ಯಾಂಕನ್ನು ತಣ್ಣಗಿಡುವ ಯಂತ್ರ ಜೂನ್‌ನಿಂದಲೇ ಬಂದ್. ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಟವರಿನ ಪೈಪು ಕಳಚಿಟ್ಟಿತ್ತು. ಖರ್ಚು ಉಳಿಸಲು ಘಟಕದ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸಿದ್ದರು. ಕಂಪನಿಯದೇ ಅಮೆರಿಕದ ತಂಡ 1982ರಲ್ಲಿ ಬಂದು ಕೊರತೆಗಳ ಪಟ್ಟಿ ಬರೆದು ಹೋಗಿತ್ತು. ಅದೇ ವರ್ಷ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಈ ಅಪಾಯದ ಬಗ್ಗೆ ಊರಿಗೆಲ್ಲ ಕೇಳುವ ಹಾಗೆ ಬರೆದಿದ್ದರು.

‘ಸೇಫ್ಟಿ ಕಲ್ಚರ್’, ಅಂದರೆ ಇಡೀ ಸಂಸ್ಥೆ ಸುರಕ್ಷತೆಯನ್ನು ಹೇಗೆ ಕಾಣುತ್ತದೆ ಎಂಬ ಮಾತು ಚಲಾವಣೆಗೆ ಬಂದದ್ದು ಇದಾದ ಮೇಲೆ, ಬೇರೆ ಕಡೆಯಿಂದ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ರಿಯಾಕ್ಟರ್ ಸಿಡಿಯಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಅದೇ ವರ್ಷದ ವರದಿಯಲ್ಲಿ ಈ ಪದ ಬಳಸಿದರು, 1991ರಲ್ಲಿ ಅದಕ್ಕೊಂದು ವ್ಯಾಖ್ಯೆ ಕೊಟ್ಟರು. ಅಲ್ಲಿಂದಾಚೆಗೆ ಪ್ರಶ್ನೆ ಗುಂಡಿ ಒತ್ತಿದವನಲ್ಲಿಗೇ ನಿಲ್ಲಲಿಲ್ಲ, ಮೇಲಿನ ಮಹಡಿಗೂ ಹತ್ತಿತು.

ಮೇಲಿನ ಮಹಡಿಯವರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಲ್ಕೋವಾ ಉದಾಹರಣೆ ತುಂಬ ಹಳೆಯದಾದರೂ ಬಿಡಲು ಮನಸ್ಸಿಲ್ಲ. 1987ರಲ್ಲಿ ಪಾಲ್ ಓನೀಲ್ ಆ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಮೊದಲ ಸಭೆಯಲ್ಲಿ ಲಾಭದ ಮಾತು ಬಿಟ್ಟು ಕಾರ್ಮಿಕರ ಸುರಕ್ಷತೆಯ ಬಗ್ಗೆ ಮಾತಾಡಿದರು. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅಂತ ಕೆಲವರು ಷೇರು ಮಾರಲು ಓಡಿದರಂತೆ. ಕೆಲವೇ ತಿಂಗಳಲ್ಲಿ ಅರಿಜೋನದ ಘಟಕದಲ್ಲಿ ಒಬ್ಬ ಯುವಕ ಸತ್ತ. ನಿಂತುಹೋದ ಯಂತ್ರ ಸರಿಮಾಡಲು ಅವನೇ ತಡೆಗೋಡೆ ಹಾರಿದ್ದ. ‘ಅಜಾಗರೂಕತೆ’ ಎಂದು ಬರೆದು ಮುಗಿಸಬಹುದಿತ್ತು. ಓನೀಲ್ ಅಧಿಕಾರಿಗಳನ್ನು ಕೂರಿಸಿಕೊಂಡು, ಇವನನ್ನು ಕೊಂದದ್ದು ನಾವು, ನಾನು ಎಂದರು. ಕಾರ್ಮಿಕರಿಗೆ ತಮ್ಮ ಮನೆಯ ಫೋನ್ ನಂಬರ್ ಕೊಟ್ಟರು. ಮುಂದೆ ಮೆಕ್ಸಿಕೋದ ಘಟಕವೊಂದರಲ್ಲಿ ವಿಷಾನಿಲದಿಂದ ಕೆಲಸಗಾರರು ಅಸ್ವಸ್ಥರಾದ ವಿಷಯವನ್ನು ಮೇಲಕ್ಕೆ ತಿಳಿಸದ ಹಿರಿಯ ಅಧಿಕಾರಿಯನ್ನೇ ಮನೆಗೆ ಕಳಿಸಿದರು. ನನಗೆ ಮುಖ್ಯವಾಗಿ ಕಾಣುವುದು ಇದೇ. ಅವರ ಕೈಕೆಳಗೆ ಗಾಯ ಮುಚ್ಚಿಟ್ಟರೆ ಕೆಲಸ ಹೋಗುತ್ತಿತ್ತು. ನಮ್ಮಲ್ಲಿ ಹೇಳಿದರೆ ಇನ್ಸೆಂಟಿವ್ ಹೋಗುತ್ತಿತ್ತು.

ಹಾಗಾದರೆ ಕಡಿಮೆ ತಪ್ಪು ವರದಿಯಾದ ಕಡೆ ಸುರಕ್ಷತೆ ಜಾಸ್ತಿ ಇರುತ್ತದಾ? 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಲೆಕ್ಕ ತಲೆಕೆಳಗಾಗಿ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು! ಕಾರಣ ಹುಡುಕಿದಾಗ ತಿಳಿದದ್ದು, ಅಲ್ಲಿನ ನರ್ಸುಗಳು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಬಾಯಿ ಮುಚ್ಚಿಕೊಂಡಿದ್ದರು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ಗಿಗೆ ದೊಡ್ಡ ಅಧಿಕಾರಿಗಳು ಬಂದಿದ್ದರು. ಏಳು ವರ್ಷ ಯಾರೂ ಗಾಯವಾಗಿ ರಜೆ ಹಾಕದೆ ಕಳೆದದ್ದಕ್ಕೆ ಸಿಬ್ಬಂದಿಯನ್ನು ಅಭಿನಂದಿಸುವುದೂ ಅವರ ಕಾರ್ಯಕ್ರಮದಲ್ಲಿತ್ತು. ಅದೇ ರಾತ್ರಿ ಬಾವಿ ಸಿಡಿದು 11 ಜನ ಸತ್ತರು. ಜಾರಿ ಬೀಳುವವರ ಲೆಕ್ಕ ಚೆನ್ನಾಗಿತ್ತು. ಬಾವಿಯೊಳಗಿನ ಒತ್ತಡ ಆ ಲೆಕ್ಕದಲ್ಲಿ ಇರಲಿಲ್ಲ.

ನಮ್ಮಲ್ಲಿ ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಹೊಸ ಸೆಕ್ಷನ್‌ಗಳು ಸೇರಿದವು. ಅಪಾಯಕಾರಿ ಘಟಕಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಾನ ಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಬೇಕು, ಅಪಾಯ ಕಂಡರೆ ಕಾರ್ಮಿಕರೇ ಎಚ್ಚರಿಸಬಹುದು ಅಂತೆಲ್ಲ ಬಂತು. ಆದರೆ ಮುಂದಿನ ತಿಂಗಳು ಗೇಟ್ ಪಾಸ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಕಾಂಟ್ರ್ಯಾಕ್ಟ್ ಹುಡುಗ ಯಾವ ಸಮಿತಿಯ ಮುಂದೆ ಹೋಗಿ ಎಚ್ಚರಿಸುತ್ತಾನೆ?

ನಮ್ಮ ಪ್ರೆಸ್ ಶಾಪಿಗೆ ವರ್ಷದ ಮೇಲೆ ಹೊಸ ಮ್ಯಾನೇಜರ್ ಬಂದರು. ಬಟನ್ನಿನಲ್ಲಿದ್ದ ರಟ್ಟು ಅವರ ಕಣ್ಣಿಗೂ ಬಿತ್ತು. ಯಾರು ಸಿಕ್ಕಿಸಿದ್ದು ಅಂತ ಕೇಳಲಿಲ್ಲ, ಯಾಕೆ ಸಿಕ್ಕಿಸ್ತೀರಿ ಅಂತ ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬೆರಳು ಜಜ್ಜಿಸಿಕೊಂಡಿದ್ದ ಅಣ್ಣನೇ ಬಾಯಿಬಿಟ್ಟರು. “ಶೀಟ್ ಜಾರತ್ತೆ ಸರ್. ಒಂದು ಕೈಲಿ ಹಿಡ್ಕೊಳ್ಳದಿದ್ರೆ ಪೀಸ್ ರಿಜೆಕ್ಟ್ ಆಗತ್ತೆ. ರಿಜೆಕ್ಟ್ ಆದ್ರೆ ನೀವು ಬೈತೀರಾ.”

ಶೀಟ್ ಹಿಡಿಯುವ ಒಂದು ಸಣ್ಣ ಕ್ಲ್ಯಾಂಪನ್ನು ಟೂಲ್ ರೂಮಿನವರು ಎರಡು ದಿನದಲ್ಲಿ ಮಾಡಿಕೊಟ್ಟರು.