ಇಬ್ನ್ ಬತೂತ ದಿನಚರಿ ಬರೆದಿಟ್ಟಿದ್ದನೇ?

ಓದುಗರ ಪ್ರಶ್ನೆ: ಇಬ್ನ್ ಬತೂತ ಮೂವತ್ತು ವರ್ಷ ಸುತ್ತಾಡಿ ಕಂಡದ್ದನ್ನೆಲ್ಲ ನೆನಪಿನಿಂದಲೇ ಹೇಳಿದನೇ? ಹಾಗಿದ್ದರೆ ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಬಹುಮಟ್ಟಿಗೆ ನೆನಪಿನಿಂದಲೇ ಹೇಳಿದನು. 1304ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್ ಪಟ್ಟಣದಲ್ಲಿ, ಖಾಜಿಗಳ, ಅಂದರೆ ಇಸ್ಲಾಮೀ ನ್ಯಾಯಾಧೀಶರ, ಮನೆತನದಲ್ಲಿ ಹುಟ್ಟಿದ ಅವನು 1325ರ ಜೂನ್‌ನಲ್ಲಿ ಹಜ್ ಯಾತ್ರೆಗೆಂದು ಒಂಟಿಯಾಗಿ ಹೊರಟಾಗ ಅವನಿಗೆ 21 ವರ್ಷ. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಆಳ್ವಿಕೆಯಲ್ಲಿ ಖಾಜಿಯಾಗಿ, ಮಾಲ್ಡೀವ್ಸ್‌ನಲ್ಲಿಯೂ ಅದೇ ಹುದ್ದೆಯಲ್ಲಿದ್ದು, ಕೊನೆಗೆ ಸಹಾರಾ ಮರುಭೂಮಿಯನ್ನು ದಾಟಿ ಮಾಲಿ ರಾಜ್ಯವನ್ನೂ ಕಂಡು, ಅವನು ಮೊರಾಕ್ಕೊದ ಫೆಜ್ ನಗರಕ್ಕೆ ಮರಳಿದ್ದು 1354ರಲ್ಲಿ. ಅಲ್ಲಿನ ಸುಲ್ತಾನ ಅಬೂ ಇನಾನ್‌ನ ಅಪ್ಪಣೆಯಂತೆ ಅವನು ಹೇಳುತ್ತ ಹೋದನು. ಗ್ರನಾಡಾದ ವಿದ್ವಾಂಸ ಇಬ್ನ್ ಜುಜಯ್ಯ್ ಅದನ್ನು ಬರೆದು ತಿದ್ದಿದನು.

ಟಿಪ್ಪಣಿಗಳು ಇರಲೇ ಇಲ್ಲವೆಂದೇನೂ ಅಲ್ಲ. ಮಧ್ಯ ಏಷ್ಯಾದ ಬುಖಾರಾದಲ್ಲಿ ವಿದ್ವಾಂಸರ ಗೋರಿಗಳ ಮೇಲಿದ್ದ ಬರಹಗಳನ್ನು ತಾನು ಪ್ರತಿಮಾಡಿಕೊಂಡಿದ್ದಾಗಿಯೂ, ಭಾರತದ ಸಮುದ್ರದಲ್ಲಿ ದರೋಡೆಯಾದಾಗ ಅವು ಕಳೆದುಹೋದವೆಂದೂ ಅವನೇ ಹೇಳಿದ್ದಾನೆ. ದರೋಡೆ ನಡೆದ ಜಾಗವನ್ನು ಅವನು ಬೇರೊಂದೆಡೆ ಗುರುತಿಸುತ್ತಾನೆ: ಕೊಲ್ಲಂನಿಂದ ಹೊನ್ನಾವರಕ್ಕೆ ಬರುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಒಂದು ಸಣ್ಣ ದ್ವೀಪದ ಬಳಿ. 12 ಹಡಗುಗಳಲ್ಲಿ ಬಂದ ಕಡಲ್ಗಳ್ಳರು ಸಿಂಹಳದ ಅರಸ ಕೊಟ್ಟಿದ್ದ ರತ್ನಗಳನ್ನೂ ಸೇರಿಸಿ ಎಲ್ಲವನ್ನೂ ದೋಚಿ, ಅವನು ತೊಟ್ಟಿದ್ದ ಚಲ್ಲಣವೊಂದನ್ನು ಮಾತ್ರ ಬಿಟ್ಟರು. ಈ ಎರಡು ಮಾತುಗಳನ್ನು ಜೋಡಿಸಿ ಓದಿದರೆ ಆ ಬರಹಗಳು ಕೈಬಿಟ್ಟದ್ದು ನಮ್ಮ ಕರಾವಳಿಯಲ್ಲೇ ಎಂದಾಗುತ್ತದೆ; ಕನ್ನಡದ ಓದುಗನಾಗಿ ನನಗೆ ಇದು ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಅವನ ಕಾಲಗಣನೆ ಅಲ್ಲಲ್ಲಿ ಹೊಂದುವುದಿಲ್ಲ. ಮಕ್ಕಾ, ಮದೀನಾ, ಡಮಾಸ್ಕಸ್‌ಗಳ ವರ್ಣನೆಯಲ್ಲಿ ಹಿಂದಿನ ಯಾತ್ರಿಕ ಇಬ್ನ್ ಜುಬೈರ್‌ನ ಬರಹದಿಂದ ಎತ್ತಿಕೊಂಡ ಭಾಗಗಳಿವೆ. ವೋಲ್ಗಾ ನದಿತೀರದ ಬುಲ್ಗಾರ್ ಪಟ್ಟಣಕ್ಕೆ ಹೋಗಿಬಂದೆನೆಂಬ ಮಾತನ್ನು, ಅವನು ಹೇಳುವಷ್ಟು ದಿನಗಳಲ್ಲಿ ಆ ದೂರವನ್ನು ಕ್ರಮಿಸಲಾಗದೆಂಬ ಕಾರಣಕ್ಕೆ, ವಿದ್ವಾಂಸರು ಒಪ್ಪುವುದಿಲ್ಲ. ಚೀನಾದ ಭಾಗದ ಬಗೆಗೂ ಅನುಮಾನಗಳಿವೆ.

ಆದರೆ ಅವನು ಬಹುಕಾಲ ತಂಗಿದ್ದ ಊರುಗಳ ಮಾತು ಬೇರೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಅವನು ಒಮ್ಮೆ 11 ತಿಂಗಳು ರೊಟ್ಟಿಯ ಮುಖವನ್ನೇ ಕಾಣದೆ, ಅನ್ನವನ್ನೇ ಉಂಡುಕೊಂಡಿದ್ದನು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂಬ ಅವನ ಲೆಕ್ಕ ಪ್ರಸಿದ್ಧವಾಗಿದೆ. ನನಗಾದರೋ ಅದಕ್ಕಿಂತಲೂ ಆ ಊಟದ ವಿವರವೇ ದೊಡ್ಡ ಸಾಕ್ಷಿ. ರೇಷ್ಮೆಯುಟ್ಟ ಹೆಣ್ಣೊಬ್ಬಳು ಸೌಟಿನಿಂದ ಅನ್ನ ಬಡಿಸಿ ಅದರ ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಮತ್ತೆ ಮತ್ತೆ ಅನ್ನ, ಅದರೊಡನೆ ಒಮ್ಮೆ ಕೋಳಿ, ಒಮ್ಮೆ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು ಬರುತ್ತದೆ. ಅದು ಬಂತೆಂದರೆ ಬಡಿಸಲು ಇನ್ನೇನೂ ಉಳಿದಿಲ್ಲವೆಂದು ತಿಳಿಯುತ್ತದೆ ಎಂದು ಅವನು ಹೇಳಿದ್ದಾನೆ.